ಟ್ಯಾಂಕಿಗೆ ಬಂದ ಮೆಕ್ಕೆಜೋಳ

ಸುಗ್ಗಿಯ ದಿನಗಳಲ್ಲಿ ಹೊಳಲ್ಕೆರೆ, ಹೊಸದುರ್ಗದ ಕಡೆ ಹೋದರೆ ರಸ್ತೆಯ ಅಂಚಿನಲ್ಲಿ ಹಳದಿ ರಾಶಿಗಳು ಕಾಣುತ್ತವೆ. ಒಣಹಾಕಿದ ಮೆಕ್ಕೆಜೋಳ. ಕೋಳಿ ಮೇವಿಗೆ, ಪಿಷ್ಟದ ಕಾರ್ಖಾನೆಗೆ ಹೋಗುತ್ತಿದ್ದ ಈ ಕಾಳು ಈಗ ಡಿಸ್ಟಿಲರಿಗೂ ಹೋಗುತ್ತದೆ. ಒಂದು ಕ್ವಿಂಟಲ್ ಮೆಕ್ಕೆಜೋಳದಿಂದ ಸುಮಾರು 38 ಲೀಟರ್ ಎಥೆನಾಲ್ ಬರುತ್ತದೆ. ಹಿರಿಯೂರು, ಚಿತ್ರದುರ್ಗ ಹಾಯ್ದು ಪುಣೆಯತ್ತ ಸಾಗುವ ರಾಷ್ಟ್ರೀಯ ಹೆದ್ದಾರಿ 48ರ ಬಂಕುಗಳಲ್ಲಿ ಪೆಟ್ರೋಲ್ ಎಂದು ತುಂಬಿಸಿಕೊಳ್ಳುವುದರಲ್ಲಿ ಐದನೇ ಒಂದು ಪಾಲು ಹೀಗೆ ಹೊಲಗದ್ದೆಗಳಿಂದ ಬಂದದ್ದು.

ನಂಬಿಕೆ ಬಾರದಿದ್ದರೆ ಗ್ಯಾರೇಜಿನಲ್ಲೊಂದು ಸುಲಭದ ಪರೀಕ್ಷೆಯಿದೆ. ಅಳತೆಯ ಗಾಜಿನ ಜಾಡಿಗೆ 10 ಮಿ.ಲೀ. ನೀರು, ಅದರ ಮೇಲೆ 90 ಮಿ.ಲೀ. ಪೆಟ್ರೋಲ್ ಹಾಕಿ, ಕುಲುಕಿ, ಕದಲಿಸದೆ ಬಿಡಬೇಕು. ಸ್ವಲ್ಪ ಹೊತ್ತಿನಲ್ಲಿ ತಳದಲ್ಲಿ ನಿಲ್ಲುವ ಪದರ 10ರ ಗೆರೆಯಲ್ಲಿರುವುದಿಲ್ಲ. 28ರ ಹತ್ತಿರಕ್ಕೆ ಏರಿರುತ್ತದೆ. ಪೆಟ್ರೋಲಿನಲ್ಲಿ ಅಡಗಿದ್ದ ಎಥೆನಾಲ್ ನೀರಿನ ಜೊತೆ ಇಳಿದುಬಿಟ್ಟಿತು. ಟ್ಯಾಂಕಿನೊಳಗೆ ನೀರು ಸೇರಿದರೂ ಆಗುವುದು ಇದೇ. ಮಳೆಗಾಲದಲ್ಲಿ ತಿಂಗಳುಗಟ್ಟಲೆ ನಿಲ್ಲಿಸಿದ ಗಾಡಿ ಆಮೇಲೆ ತಕರಾರು ಮಾಡಲು ಇದೂ ಒಂದು ಕಾರಣ.

ಗ್ಯಾಸ್ ಕಿಟ್ ಹಾಕಿಸಿದ ಕಾರು ನಮಗೆ ಹೊಸದಲ್ಲ. ಸ್ವಿಚ್ ಒತ್ತಿದರೆ ಗ್ಯಾಸು, ಇನ್ನೊಮ್ಮೆ ಒತ್ತಿದರೆ ಪೆಟ್ರೋಲು. ಅಲ್ಲಿ ಎರಡಕ್ಕೂ ಬೇರೆ ಬೇರೆ ಟ್ಯಾಂಕು, ಬೇರೆ ಬೇರೆ ಪೈಪು. ಎಥೆನಾಲಿನ ಕಥೆ ಹಾಗಲ್ಲ. ಎರಡೂ ಒಂದೇ ಟ್ಯಾಂಕಿಗೆ ಬಿದ್ದು ಬೆರೆಯುತ್ತವೆ. ಹಾಗಾಗಿ ಎಂಜಿನ್ ತಾನು ಏನು ಕುಡಿಯುತ್ತಿದ್ದೇನೆ ಎಂಬುದನ್ನು ಕ್ಷಣಕ್ಷಣಕ್ಕೂ ತಿಳಿದಿರಬೇಕು.

ಒಂದು ಕಿಲೋ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು; ಎಥೆನಾಲಿಗೆ 9 ಕಿಲೋ ಸಾಕು. ಅಂದರೆ ಅಷ್ಟೇ ಗಾಳಿಗೆ ಇಂಜೆಕ್ಟರು ಸುಮಾರು ಒಂದೂವರೆ ಪಟ್ಟು ಎಥೆನಾಲ್ ಚಿಮ್ಮಿಸಬೇಕು. ಮೈಲೇಜು ಬೀಳುವುದು ಇದರಿಂದಲೇ. ಆದರೆ ಎಥೆನಾಲಿನ ಆಕ್ಟೇನ್ 100ಕ್ಕೂ ಮೇಲೆ, ಜೊತೆಗೆ ಆವಿಯಾಗುವಾಗ ಅದು ಸಿಲಿಂಡರನ್ನು ತಂಪು ಮಾಡುತ್ತದೆ. ಟರ್ಬೊ ಕಾರನ್ನು ಟ್ಯೂನ್ ಮಾಡಿಸುವವರಿಗೆ ಇದಕ್ಕಿಂತ ಬೇರೇನು ಬೇಕು? ಬೂಸ್ಟ್ ಹೆಚ್ಚಿಸಬಹುದು, ಕಿಡಿಯನ್ನು ಇನ್ನಷ್ಟು ಮುಂಚೆ ಹೊತ್ತಿಸಬಹುದು. ಅಪಾಯವಿರುವುದೂ ಇಲ್ಲೇ. ಎಥೆನಾಲಿಗೆಂದು ಬರೆದ ಮ್ಯಾಪ್ (ಎಷ್ಟು ಇಂಧನ, ಯಾವಾಗ ಕಿಡಿ ಎಂದು ಎಂಜಿನ್ನಿನ ಕಂಪ್ಯೂಟರಿಗೆ ಹೇಳುವ ಪಟ್ಟಿ) ಇಟ್ಟುಕೊಂಡು ಬರೀ ಪೆಟ್ರೋಲ್ ತುಂಬಿದರೆ ಇಂಧನ ಅಗತ್ಯಕ್ಕಿಂತ ಹೆಚ್ಚು ಸುರಿಯುತ್ತದೆ. ಆ ಬೂಸ್ಟು, ಆ ಕಿಡಿಯ ಹೊತ್ತು ಪೆಟ್ರೋಲಿಗೆ ತಾಳದೆ ಎಂಜಿನ್ ನಾಕ್ ಹೊಡೆಯುತ್ತದೆ, ಪಿಸ್ಟನ್ನಿಗೇ ಪೆಟ್ಟು.

ಈ ಗೊಂದಲಕ್ಕೆ ಬ್ರೆಜಿಲ್ ತನ್ನದೇ ಉತ್ತರ ಕಂಡುಕೊಂಡಿತು. 1973ರ ತೈಲ ಬಿಕ್ಕಟ್ಟಿನಿಂದ ಕಂಗೆಟ್ಟ ಆ ದೇಶ 1975ರಲ್ಲಿ ಕಬ್ಬಿನ ಎಥೆನಾಲ್ ಯೋಜನೆ ಹಾಕಿಕೊಂಡಿತು. 1979ರಲ್ಲಿ ಬಂದ ಫಿಯಟ್ 147 ಪೂರ್ತಿ ಎಥೆನಾಲ್ ಕಾರು. ಚಳಿಯಲ್ಲಿ ಎಥೆನಾಲ್ ಬೇಗ ಹೊತ್ತಿಕೊಳ್ಳುವುದಿಲ್ಲವಾದ್ದರಿಂದ ಅಲ್ಲಿನ ಇಂಥ ಕಾರುಗಳಲ್ಲಿ ಸ್ಟಾರ್ಟ್ ಮಾಡಲಿಕ್ಕೆಂದೇ ಪುಟ್ಟ ಪೆಟ್ರೋಲ್ ಟ್ಯಾಂಕ್ ಇರುತ್ತಿತ್ತು. ಜನ ಮುಗಿಬಿದ್ದು ಕೊಂಡರು. ಎಂಬತ್ತರ ದಶಕದ ಕೊನೆಗೆ ಎಥೆನಾಲಿಗೇ ಬರ ಬಂತು. ಕಾರು ಕೊಂಡವರು ಬಂಕಿನ ಮುಂದೆ ಸಾಲು ನಿಂತರು. ಒಂದೇ ಇಂಧನವನ್ನು ನೆಚ್ಚಿಕೊಂಡ ಗಾಡಿಯ ಮೇಲೆ ಜನರಿಗೆ ನಂಬಿಕೆಯೇ ಹೋಯಿತು. ಆ ಅಪನಂಬಿಕೆಗೆ ಪರಿಹಾರವಾಗಿ 2003ರಲ್ಲಿ ಫೋಕ್ಸ್‌ವ್ಯಾಗನ್ ಗೋಲ್ ಟೋಟಲ್ ಫ್ಲೆಕ್ಸ್ ಬಂತು. ಪೆಟ್ರೋಲು, ಎಥೆನಾಲು, ಎರಡರ ಯಾವುದೇ ಬೆರಕೆ: ಏನು ಹಾಕಿದರೂ ಓಡುವ ಕಾರು. ಹೊಗೆಯಲ್ಲಿ ಉಳಿದ ಆಮ್ಲಜನಕ ನೋಡಿಯೇ ಅದರ ಕಂಪ್ಯೂಟರು ಬೆರಕೆಯನ್ನು ಅಂದಾಜಿಸುತ್ತಿತ್ತು.

ಟ್ಯೂನರುಗಳು ಬಳಸುವುದು ಇಂಧನದ ಪೈಪಿಗೇ ಕೂರಿಸುವ ಸೆನ್ಸರು. ಪೆಟ್ರೋಲಿಗೂ ಎಥೆನಾಲಿಗೂ ವಿದ್ಯುತ್ ಗುಣದಲ್ಲಿ ಅಜಗಜಾಂತರ. ಸೆನ್ಸರು ಅದನ್ನು ಅಳೆದು ಎಥೆನಾಲಿನ ಶೇಕಡಾವಾರು ಹೇಳುತ್ತದೆ. ಕಂಪ್ಯೂಟರಿನಲ್ಲಿ ಪೆಟ್ರೋಲಿಗೊಂದು, ಎಥೆನಾಲಿಗೊಂದು ಮ್ಯಾಪ್ ಇಟ್ಟಿದ್ದರೆ ಸೆನ್ಸರಿನ ಮಾತು ಕೇಳಿ ಅದು ಎರಡರ ನಡುವೆ ಜಾಗ ಹಿಡಿಯುತ್ತದೆ. ಅರ್ಧ ಟ್ಯಾಂಕ್, ಅಂದರೆ 20 ಲೀಟರ್ ಇ20 (ಶೇ 20 ಎಥೆನಾಲ್ ಬೆರೆತ ಪೆಟ್ರೋಲ್) ಇರುವ ಕಾರಿಗೆ ‘ಎಥೆನಾಲ್ 100’ ಎಂದು ಮಾರುವ, ಶೇ 93ರಷ್ಟು ಎಥೆನಾಲ್ ಇರುವ ಇಂಧನವನ್ನು 20 ಲೀಟರ್ ಹಾಕಿದರೆ ಬೆರಕೆ ಶೇ 56ರ ಆಸುಪಾಸಿಗೆ ನಿಲ್ಲುತ್ತದೆ. ಸೆನ್ಸರಿಲ್ಲದೆ, ಕೈಯಿಂದ ಮ್ಯಾಪ್ ಬದಲಿಸುವವರು ಈ ಲೆಕ್ಕದಲ್ಲೇ ಎಡವುತ್ತಾರೆ.

ನಮ್ಮಲ್ಲಿ ಎಥೆನಾಲಿನ ಕನಸು ಹಳೆಯದು. 1948ರಲ್ಲೇ ಪವರ್ ಆಲ್ಕೊಹಾಲ್ ಕಾಯ್ದೆ ಬಂದಿತ್ತು. 2003ರಲ್ಲಿ ಶೇ 5ರ ಬೆರಕೆ ಶುರುವಾಯಿತು, 2022ರ ಜೂನ್‌ನಲ್ಲಿ ಸರಾಸರಿ ಶೇ 10 ಮುಟ್ಟಿತು. ಇ20 ಮಾರಾಟಕ್ಕೆ ಚಾಲನೆ ಸಿಕ್ಕಿದ್ದು 2023ರ ಫೆಬ್ರವರಿ 6ರಂದು, ಬೆಂಗಳೂರಿನಲ್ಲಿ. ಅದಕ್ಕೂ ಮೊದಲು, 2019ರಲ್ಲಿ, ಟಿವಿಎಸ್ ಎಥೆನಾಲಿನಲ್ಲೇ ಓಡುವ ಅಪಾಚೆ ಬೈಕನ್ನು ತಂದಾಗ ಮೊದಲು ಮಾರಲು ಆರಿಸಿಕೊಂಡ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಬೈಕು ಬಂತು, ಅದಕ್ಕೆ ಬೇಕಾದ ಬಂಕು ಬರಲಿಲ್ಲ. ‘ಎಥೆನಾಲ್ 100’ ಬಂಕುಗಳಿಗೆ ಬಂದದ್ದು 2024ರ ಮಾರ್ಚಿನಲ್ಲಿ, ಐದು ರಾಜ್ಯಗಳ 183 ಕಡೆ.

ಚಿತ್ರದುರ್ಗ ಜಿಲ್ಲೆಗೆ ಇದರಲ್ಲಿ ಪಾಲಿದೆ, ನೋವೂ ಇದೆ. ಮಾರಿಕಣಿವೆ ಜಲಾಶಯದ ನೀರಿದ್ದೂ ಹಿರಿಯೂರಿನ ವಾಣಿವಿಲಾಸ ಸಕ್ಕರೆ ಕಾರ್ಖಾನೆ ಬಾಗಿಲು ಮುಚ್ಚಿ ದಶಕಗಳಾದವು. ಕಬ್ಬಿನ ದಾರಿ ಇಲ್ಲಿಗೆ ಕೈಹಿಡಿಯಲಿಲ್ಲ. ಉಳಿದದ್ದು ಮೆಕ್ಕೆಜೋಳ. ಅದರ ಎಥೆನಾಲಿಗೆ ಸರ್ಕಾರ ಲೀಟರಿಗೆ ₹71.86 ನಿಗದಿ ಮಾಡಿತು. ಆದರೂ 2025ರ ಕೊನೆಯಲ್ಲಿ ₹2,400 ಬೆಂಬಲ ಬೆಲೆಯಿದ್ದ ಕ್ವಿಂಟಲ್ ಮೆಕ್ಕೆಜೋಳ ರಾಜ್ಯದ ಮಾರುಕಟ್ಟೆಗಳಲ್ಲಿ ಅದಕ್ಕಿಂತ ಬಹಳ ಕೆಳಗೆ ಬಿದ್ದು ರೈತರು ಬೀದಿಗಿಳಿಯಬೇಕಾಯಿತು. ಲೀಟರಿನ ಬೆಲೆ ಗಟ್ಟಿಯಾಗಿ ನಿಂತಿರುವಾಗ ಕಾಳಿನ ಬೆಲೆ ಕುಸಿಯುವುದು ನ್ಯಾಯವಲ್ಲ.

ಕಾರಿನವರಿಗೂ ಒಂದು ಮಾತು. ಇ10ಕ್ಕೆ ಹೊಂದಿಸಿದ ಹಳೆಯ ಕಾರುಗಳಿಗೆ ಇ20ಯಿಂದ ಮೈಲೇಜು ಶೇ 6–7ರಷ್ಟು ಕುಗ್ಗಬಹುದೆಂದು ನೀತಿ ಆಯೋಗವೇ 2021ರಲ್ಲಿ ಬರೆದಿತ್ತು. 2023ರ ಏಪ್ರಿಲ್‌ಗಿಂತ ಹಿಂದಿನ ಕಾರಾದರೆ ಕೈಪಿಡಿ ತೆಗೆದು ನೋಡಿ, ರಬ್ಬರ್ ಪೈಪುಗಳನ್ನು ತಪಾಸಣೆ ಮಾಡಿಸಿ. ಟ್ಯೂನ್ ಮಾಡಿಸುವ ಉಮೇದು ಇರುವ ಹುಡುಗರು ಸೆನ್ಸರಿಲ್ಲದೆ ಎಥೆನಾಲ್ ಮ್ಯಾಪಿಗೆ ಕೈ ಹಾಕಬೇಡಿ. ನೋಂದಣಿ ಪುಸ್ತಕದಲ್ಲಿರುವುದಕ್ಕೆ ವ್ಯತ್ಯಾಸವಾಗುವಂತೆ ವಾಹನ ಮಾರ್ಪಡಿಸುವುದನ್ನು ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ತಡೆಯುತ್ತದೆ ಎಂಬುದೂ ನೆನಪಿರಲಿ. ಪ್ರತಿ ಬಂಕಿನ ಪಂಪಿನ ಮೇಲೂ ಎಥೆನಾಲ್ ಎಷ್ಟು ಶೇಕಡಾ ಇದೆ ಎಂದು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ ಬರೆದಿರಲಿ. ದುಡ್ಡು ಕೊಟ್ಟು ಕೊಳ್ಳುವವರು ಅಷ್ಟನ್ನು ಕೇಳಬೇಕು.