ಗಡಿಯಾರ ತಿರುಗಿಸಿದರೆ ಹಗಲು ಬೆಳೆಯುವುದಿಲ್ಲ

ಮಕ್ಕಳು ಅಮೆರಿಕದಲ್ಲೋ ಇಂಗ್ಲೆಂಡಿನಲ್ಲೋ ನೆಲೆಸಿರುವ ಮನೆಗಳು ಮೈಸೂರಿನ ನಜರ್‌ಬಾದಿನಲ್ಲಿ ಬೀದಿಬೀದಿಗೂ ಇವೆ. ಮಾರ್ಚ್ ತಿಂಗಳು ಬಂತೆಂದರೆ ಅಂಥ ಮನೆಗಳ ಫೋನ್ ಹೊತ್ತು ಏರುಪೇರಾಗುತ್ತದೆ. ಭಾನುವಾರ ಬೆಳಿಗ್ಗೆ 7ಕ್ಕೆ ಇಲ್ಲಿಂದ ಕರೆ ಮಾಡಿದರೆ ಚಳಿಗಾಲದಲ್ಲಿ ನ್ಯೂಜೆರ್ಸಿಯಲ್ಲಿ ಶನಿವಾರ ರಾತ್ರಿ 8:30. ಮೊಮ್ಮಕ್ಕಳು ಇನ್ನೂ ಎಚ್ಚರವಾಗಿರುತ್ತಾರೆ. ಮಾರ್ಚ್‌ನ ಎರಡನೆಯ ಭಾನುವಾರ ಕಳೆದ ಮೇಲೆ ಅದೇ 7 ಗಂಟೆಗೆ ಅಲ್ಲಿ 9:30 ಆಗಿರುತ್ತದೆ. ‘ಇಲ್ಲಿ ಟೈಂ ಮುಂದೆ ಹೋಗಿದೆ ಅಮ್ಮಾ, ಮಕ್ಕಳು ಮಲಗಿಬಿಟ್ಟರು’ ಎಂಬ ಉತ್ತರ ಬರುತ್ತದೆ. ನವೆಂಬರ್‌ನ ಮೊದಲ ಭಾನುವಾರ ಮತ್ತೆ ಹಳೆಯ ಲೆಕ್ಕ.

ವರ್ಷಕ್ಕೆ ಎರಡು ಬಾರಿ ಗಡಿಯಾರವನ್ನು ಒಂದು ಗಂಟೆ ಹಿಂದುಮುಂದು ಮಾಡುವ ಈ ಬದಲಾವಣೆಯನ್ನು ನಿಲ್ಲಿಸಬೇಕು, ಮುಂದಿಟ್ಟ ಬೇಸಿಗೆಯ ಸಮಯವನ್ನೇ ವರ್ಷವಿಡೀ ಉಳಿಸಿಕೊಳ್ಳಬೇಕು ಎಂಬ ಮಾತು ಆ ದೇಶಗಳಲ್ಲಿ ಹಲವು ವರ್ಷಗಳಿಂದ ನಡೆಯುತ್ತಿದೆ. ಅದು ನಮ್ಮ ಹಜಾರಗಳಿಗೂ ತಲುಪಿದೆ. ಆದರೆ ತಲುಪುವಷ್ಟರಲ್ಲಿ ಬೇರೆ ಬೇರೆ ಸಂಗತಿಗಳು ಒಂದರೊಳಗೊಂದು ಬೆರೆತುಹೋಗಿವೆ. ಅವನ್ನು ಬಿಡಿಸಿ ನೋಡಬೇಕು. ಏಕೆಂದರೆ ಈ ವಿಷಯ ನಾವು ಅಂದುಕೊಂಡಷ್ಟು ದೂರದ್ದಲ್ಲ.

‘ಅಲ್ಲಿ ಬೇಸಿಗೆಯಲ್ಲಿ ಒಂದು ಗಂಟೆ ಹಗಲು ಹೆಚ್ಚಿಸುತ್ತಾರೆ’

ಯಾವ ಸರ್ಕಾರವೂ ಹಗಲನ್ನು ಹೆಚ್ಚಿಸಲಾರದು. ಲಂಡನ್ನಿನಲ್ಲಿ ಜೂನ್ ಕೊನೆಯ ಹಗಲು ಸುಮಾರು 16 ಗಂಟೆ 38 ನಿಮಿಷ, ಡಿಸೆಂಬರ್ ಕೊನೆಯ ಹಗಲು 7 ಗಂಟೆ 50 ನಿಮಿಷ. ಗಡಿಯಾರವನ್ನು ಹೇಗೆ ತಿರುಗಿಸಿದರೂ ಈ ಅಂಕಿಗಳು ಬದಲಾಗುವುದಿಲ್ಲ. ಗಡಿಯಾರ ಮುಂದಿಡದಿದ್ದರೆ ಬೇಸಿಗೆಯ ನಡುವೆ ಅಲ್ಲಿ 4 ಗಂಟೆಗೂ ಮುಂಚೆಯೇ ಸೂರ್ಯ ಹುಟ್ಟುತ್ತಾನೆ, ಆಗ ಊರೆಲ್ಲ ಮಲಗಿರುತ್ತದೆ. ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟರೆ ಆ ಬೆಳಕು ಸಂಜೆಯ ಲೆಕ್ಕಕ್ಕೆ ಬರುತ್ತದೆ. ನಡೆಯುವುದು ಇಷ್ಟೇ.

ಮೈಸೂರಿನಲ್ಲಿ ವರ್ಷದ ಅತಿ ದೀರ್ಘ ಹಗಲಿಗೂ ಅತಿ ಚಿಕ್ಕ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆಯೊಳಗೆ. ನಾವು ಸಮಭಾಜಕ ವೃತ್ತದಿಂದ 12 ಡಿಗ್ರಿಯಷ್ಟೇ ಉತ್ತರಕ್ಕಿದ್ದೇವೆ. ಹೀಗಾಗಿ ವರ್ಷಕ್ಕೆರಡು ಸಲ ಗಡಿಯಾರ ಬದಲಿಸುವ ಅಗತ್ಯ ನಮಗೆ ಬೀಳುವುದಿಲ್ಲ. ಜೂನ್‌ನಲ್ಲಿ ಹಿಂದಕ್ಕೂ ಮುಂದಕ್ಕೂ ಹಂಚಲು ನಮ್ಮಲ್ಲಿ ಹೆಚ್ಚುವರಿ ಬೆಳಕೇ ಇಲ್ಲ.

‘ರೈತರ ಅನುಕೂಲಕ್ಕಾಗಿ ಇದನ್ನು ತಂದರು’

ನಿಜ ಇದಕ್ಕೆ ತದ್ವಿರುದ್ಧ. ಹಸು ಹಾಲು ಕೊಡುವುದೂ ಹುಲ್ಲಿನ ಮೇಲಿನ ಮಂಜು ಆರುವುದೂ ಸೂರ್ಯನನ್ನು ನೋಡಿ. ಗಡಿಯಾರ ಮುಂದೆ ಹೋದರೆ ಕೂಲಿಯಾಳುಗಳು ಬೇಗ ಬಂದು ಬೇಗ ಹೊರಡುತ್ತಾರೆ, ಹೊಲದ ಕೆಲಸ ಉಳಿಯುತ್ತದೆ. ಮೊದಲ ಮಹಾಯುದ್ಧ ಮುಗಿದ ಕೂಡಲೇ, 1919ರಲ್ಲಿ, ಅಮೆರಿಕದಲ್ಲಿ ಈ ಪದ್ಧತಿ ರದ್ದಾಗಲು ರೈತರ ವಿರೋಧ ದೊಡ್ಡ ಕಾರಣವಾಗಿತ್ತು. ಬೆಂಜಮಿನ್ ಫ್ರಾಂಕ್ಲಿನ್ ಇದನ್ನು ಕಂಡುಹಿಡಿದರೆಂಬುದೂ ಸರಿಯಲ್ಲ. ಅವರು 1784ರಲ್ಲಿ ಬರೆದದ್ದು ಪ್ಯಾರಿಸ್ ಜನ ಬೇಗ ಏಳಲಿ ಎಂಬ ವಿನೋದದ ಪತ್ರ, ಗಡಿಯಾರದ ಮಾತು ಅದರಲ್ಲಿಲ್ಲ. 1895ರಲ್ಲಿ ನ್ಯೂಜಿಲೆಂಡಿನ ಕೀಟತಜ್ಞ ಜಾರ್ಜ್ ಹಡ್ಸನ್, 1907ರಲ್ಲಿ ಇಂಗ್ಲೆಂಡಿನ ಕಟ್ಟಡ ಗುತ್ತಿಗೆದಾರ ವಿಲಿಯಂ ವಿಲೆಟ್ ಈ ವಾದವನ್ನು ಮುಂದಿಟ್ಟರು. ದೇಶಾದ್ಯಂತ ಮೊದಲು ಜಾರಿಗೆ ತಂದದ್ದು 1916ರ ಏಪ್ರಿಲ್‌ನಲ್ಲಿ ಜರ್ಮನಿ, ಯುದ್ಧಕಾಲದಲ್ಲಿ ಇಂಧನ ಉಳಿಸಲೆಂದು.

‘ಬದಲಾವಣೆ ನಿಲ್ಲಿಸುವುದೆಂದರೆ ಬೇಸಿಗೆ ಸಮಯವನ್ನು ಖಾಯಂ ಮಾಡುವುದು’

ದೊಡ್ಡ ತಪ್ಪು ತಿಳಿವಳಿಕೆ ಇರುವುದು ಇಲ್ಲಿಯೇ. ಬದಲಾವಣೆ ನಿಲ್ಲಿಸಲು ಎರಡು ದಾರಿಗಳಿವೆ: ಮುಂದಿಟ್ಟ ಗಡಿಯಾರವನ್ನು ಹಾಗೆಯೇ ಬಿಡುವುದು, ಇಲ್ಲವೇ ಮುಂದಿಡುವುದನ್ನೇ ಕೈಬಿಡುವುದು. ಜನ ಬೇಸತ್ತಿರುವುದು ಬದಲಾವಣೆಯ ಬಗ್ಗೆ. ಮೊದಲ ದಾರಿಗೆ ಅದರಿಂದ ತಾನಾಗಿ ಒಪ್ಪಿಗೆ ಸಿಕ್ಕಂತಾಗುವುದಿಲ್ಲ.

ಮೊದಲ ದಾರಿಯನ್ನು ಹಿಡಿದು ನೋಡಿದವರಿದ್ದಾರೆ. ತೈಲ ಬಿಕ್ಕಟ್ಟಿನ ಹೊತ್ತಿನಲ್ಲಿ ಅಮೆರಿಕ 1974ರ ಜನವರಿ 6ರಂದು ಗಡಿಯಾರವನ್ನು ಮುಂದಿಟ್ಟು, 1975ರ ಏಪ್ರಿಲ್‌ವರೆಗೆ ಹಾಗೆಯೇ ಇಡಲು ನಿರ್ಧರಿಸಿತು. ಮೊದಲಿಗೆ ಜನ ಸ್ವಾಗತಿಸಿದರು. ವಾಷಿಂಗ್ಟನ್‌ನಲ್ಲಿ ಆ ಜನವರಿಯಲ್ಲಿ ಸೂರ್ಯ ಹುಟ್ಟುತ್ತಿದ್ದದ್ದು 8:25ರ ಸುಮಾರಿಗೆ. ಮಕ್ಕಳು ಕತ್ತಲಲ್ಲಿ ಶಾಲೆಯ ಬಸ್ಸಿಗೆ ಕಾಯಬೇಕಾಯಿತು, ಅಪಘಾತಗಳ ಸುದ್ದಿಯಿಂದ ಹೆತ್ತವರು ಕಂಗೆಟ್ಟರು. ಅದೇ ವರ್ಷದ ಅಕ್ಟೋಬರ್‌ನಲ್ಲಿ ಪ್ರಯೋಗ ನಿಂತಿತು. ಬ್ರಿಟನ್ 1968ರಿಂದ 1971ರ ಅಕ್ಟೋಬರ್‌ವರೆಗೆ ಇದನ್ನೇ ಮಾಡಿತು. ಗ್ಲಾಸ್ಗೋದಲ್ಲಿ ಚಳಿಗಾಲದ ಸೂರ್ಯೋದಯ 9:45ರ ಸುಮಾರಿಗೆ ಹೋಯಿತು, ಸಂಸತ್ತು ಅದನ್ನು ಮುಂದುವರಿಸಲಿಲ್ಲ. ರಷ್ಯಾ 2011ರಲ್ಲಿ ಬೇಸಿಗೆ ಸಮಯವನ್ನು ಖಾಯಂ ಮಾಡಿ, ಮೂರು ಚಳಿಗಾಲಗಳ ನಂತರ 2014ರ ಅಕ್ಟೋಬರ್‌ನಲ್ಲಿ ಖಾಯಂ ಚಳಿಗಾಲದ ಸಮಯಕ್ಕೆ ಬಂತು.

ಇಷ್ಟಾದರೂ 2022ರ ಮಾರ್ಚ್‌ನಲ್ಲಿ ಅಮೆರಿಕದ ಸೆನೆಟ್ ಖಾಯಂ ಬೇಸಿಗೆ ಸಮಯದ ಮಸೂದೆಗೆ ಒಬ್ಬರ ಆಕ್ಷೇಪವೂ ಇಲ್ಲದೆ ಒಪ್ಪಿಗೆ ಕೊಟ್ಟಿತು. ಕೆಳಮನೆ ಅದನ್ನು ಕೈಗೆತ್ತಿಕೊಳ್ಳಲಿಲ್ಲ. ‘ಅಮೆರಿಕದಲ್ಲಿ ಆಗಲೇ ಪಾಸಾಗಿದೆ’ ಎಂದು ವಾಟ್ಸ್ಆ್ಯಪ್‌ನಲ್ಲಿ ಸುತ್ತುವ ಸುದ್ದಿಯ ಮೂಲ ಈ ಅರ್ಧ ದಾರಿಯ ಮಸೂದೆ. ಯುರೋಪಿನ ಸಂಸತ್ತೂ 2019ರಲ್ಲಿ ಬದಲಾವಣೆ ನಿಲ್ಲಿಸಲು ಮತ ಹಾಕಿತು, ಸದಸ್ಯ ದೇಶಗಳು ಒಮ್ಮತಕ್ಕೆ ಬರದೆ ಅದು ಜಾರಿಯಾಗಲಿಲ್ಲ.

ನಿದ್ರೆಯ ವೈದ್ಯರು ಹೇಳುವುದು ಎರಡನೆಯ ದಾರಿ. ಅಮೆರಿಕದ ನಿದ್ರಾವೈದ್ಯರ ಅಕಾಡೆಮಿ 2020ರಲ್ಲಿ ಸ್ಪಷ್ಟವಾಗಿಯೇ ಹೇಳಿತು: ಬದಲಾವಣೆ ನಿಲ್ಲಲಿ, ಆದರೆ ಸೂರ್ಯನಿಗೆ ಹತ್ತಿರವಿರುವ ಸಾಮಾನ್ಯ ಸಮಯವೇ ಉಳಿಯಲಿ. ದೇಹದ ಒಳಗಿನ ಗಡಿಯಾರ ಸರಿಹೊಂದುವುದು ಬೆಳಗಿನ ಬೆಳಕಿನಿಂದ. ಸಂಜೆಯ ಬೆಳಕು ನಿದ್ದೆಯನ್ನು ಮುಂದೂಡುತ್ತದೆ, ಏಳಬೇಕಾದ ಹೊತ್ತು ಮಾತ್ರ ಬದಲಾಗುವುದಿಲ್ಲ. ಈ ವಾದ ನನಗೆ ಸರಿಯೆನಿಸುತ್ತದೆ. ಅರಿಜೋನಾದ ಬಹುಭಾಗ ಮತ್ತು ಹವಾಯಿ ವರ್ಷವಿಡೀ ಸಾಮಾನ್ಯ ಸಮಯದಲ್ಲೇ ಇವೆ. ಫೀನಿಕ್ಸ್‌ನಲ್ಲಿ ಮಕ್ಕಳಿರುವ ಮನೆಗಳಿಗೆ ಮಾರ್ಚ್‌ನ ಗೊಂದಲವೇ ಇಲ್ಲ, ಅಂತರ ಸದಾ ಹನ್ನೆರಡೂವರೆ ಗಂಟೆ.

‘ನಮಗೂ ಇದಕ್ಕೂ ಸಂಬಂಧವಿಲ್ಲ’

ಸಂಬಂಧವಿದೆ. ಭಾರತದ ಸಮಯವನ್ನು ನಿಗದಿಪಡಿಸಿರುವುದು ಮಿರ್ಜಾಪುರದ ಹತ್ತಿರ ಹಾದುಹೋಗುವ ಪೂರ್ವ 82.5 ಡಿಗ್ರಿ ರೇಖಾಂಶಕ್ಕೆ. ಮೈಸೂರು ಇರುವುದು 76.65 ಡಿಗ್ರಿಯಲ್ಲಿ. ಡಿಗ್ರಿಗೆ 4 ನಿಮಿಷದಂತೆ ಲೆಕ್ಕ ಹಾಕಿದರೆ ನಮ್ಮ ಕೈಗಡಿಯಾರ ನಮ್ಮ ಸೂರ್ಯನಿಗಿಂತ ಸರಾಸರಿ 23 ನಿಮಿಷ ಮುಂದಿದೆ. ಮಧ್ಯಾಹ್ನ 12ಕ್ಕೆ ಸೂರ್ಯ ನೆತ್ತಿಗೆ ಬರುತ್ತಾನೆಂಬುದು ನಜರ್‌ಬಾದಿನಲ್ಲಿ ವರ್ಷದ ಯಾವ ದಿನವೂ ನಿಜವಲ್ಲ. ನವೆಂಬರ್ ಆರಂಭದಲ್ಲಿ 12:07ಕ್ಕೆ, ಫೆಬ್ರುವರಿ ನಡುವಿನಲ್ಲಿ 12:37ಕ್ಕೆ ಆತ ಅತಿ ಎತ್ತರಕ್ಕೆ ಬರುತ್ತಾನೆ. ಅಂದರೆ 23 ನಿಮಿಷದ ಖಾಯಂ ಬೇಸಿಗೆ ಸಮಯದಲ್ಲಿ ನಾವು ಆಗಲೇ ಬದುಕುತ್ತಿದ್ದೇವೆ. ಕಾರವಾರದವರಿಗೆ ಇದು 33 ನಿಮಿಷ.

ಇಡೀ ಒಂದು ಗಂಟೆ ಮುಂದಿಟ್ಟ ಕಾಲವೂ ಇತ್ತು. ಎರಡನೆಯ ಮಹಾಯುದ್ಧದಲ್ಲಿ, 1942ರ ಸೆಪ್ಟೆಂಬರ್ 1ರಿಂದ 1945ರ ಅಕ್ಟೋಬರ್ 15ರವರೆಗೆ, ಭಾರತದ ಸಮಯ ಗ್ರೀನಿಚ್‌ಗಿಂತ ಆರೂವರೆ ಗಂಟೆ ಮುಂದಿತ್ತು. ಮೂರು ವರ್ಷ ಬೇಸಿಗೆ ಚಳಿಗಾಲಗಳ ಭೇದವಿಲ್ಲದೆ ಅದು ನಡೆಯಿತು.

ಗಡಿಯಾರವನ್ನು ಮತ್ತೆ ಮುಂದಿಡುವ ಒಂದು ಪ್ರಸ್ತಾಪ ಹುಟ್ಟಿದ್ದು ಬೆಂಗಳೂರಿನಲ್ಲೇ. ಅಲ್ಲಿನ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯ ದಿಲೀಪ್ ಅಹುಜಾ ಮತ್ತು ಡಿ.ಪಿ. ಸೇನ್‌ಗುಪ್ತ ಭಾರತದ ಸಮಯವನ್ನು ಶಾಶ್ವತವಾಗಿ ಅರ್ಧ ಗಂಟೆ ಮುಂದಿಡಬೇಕೆಂದು ವಾದಿಸಿದರು. 2007ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ, ಮುಂದೆ 2012ರಲ್ಲಿ ಮತ್ತೊಮ್ಮೆ ಅವರ ಲೆಕ್ಕಾಚಾರ ಪ್ರಕಟವಾಯಿತು. ಸಂಜೆ ಎಲ್ಲರೂ ಒಟ್ಟಿಗೆ ದೀಪ ಹಚ್ಚುವ ಹೊತ್ತಿನ ಬೇಡಿಕೆ ತಗ್ಗಿ, ವರ್ಷಕ್ಕೆ 200 ಕೋಟಿ ಯೂನಿಟ್‌ಗೂ ಹೆಚ್ಚು ವಿದ್ಯುತ್ ಉಳಿಯುತ್ತದೆ ಎಂಬುದು ಅದರ ಸಾರ. ಅಸ್ಸಾಂನಂಥ ಪೂರ್ವದ ರಾಜ್ಯಗಳ ಕಷ್ಟಕ್ಕೂ ಇದರಲ್ಲಿ ಅಷ್ಟಿಷ್ಟು ಪರಿಹಾರವಿತ್ತು. ಜೂನ್‌ನಲ್ಲಿ ಅಲ್ಲಿ ನಾಲ್ಕೂವರೆಗೇ ಬೆಳಗಾಗುತ್ತದೆ. ಆ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಆದರೆ ಬೆಲೆ ತೆರುವವರು ಪಶ್ಚಿಮದ ನಾವು. ಫೆಬ್ರುವರಿ ಆರಂಭದಲ್ಲಿ ನಜರ್‌ಬಾದಿನಲ್ಲಿ ಸೂರ್ಯ ಹುಟ್ಟುವುದು 6:49ರ ಸುಮಾರಿಗೆ. ಅರ್ಧ ಗಂಟೆ ಮುಂದಿಟ್ಟರೆ ಅದು 7:19 ಆಗುತ್ತದೆ, ಸ್ಕೂಲ್ ವ್ಯಾನು ಬಂದು ನಿಲ್ಲುವ ಹೊತ್ತು. ಜುಲೈನಲ್ಲಿ ಈಗ 6:53ಕ್ಕೆ ಮುಳುಗುವ ಸೂರ್ಯ 7:23ರವರೆಗೆ ಇರುತ್ತಾನೆ. ಭಾನುವಾರ ಸಂಜೆ 7ಕ್ಕೆ ಅರಮನೆಯ ದೀಪ ನೋಡಲು ಹೋದವರು ಬಿಸಿಲಿನಲ್ಲೇ ಅದನ್ನು ನೋಡಬೇಕಾಗುತ್ತದೆ. ವಿದ್ಯುತ್ತಿನ ಲೆಕ್ಕವೂ ಹಳೆಯ ಬಲ್ಬುಗಳ ಕಾಲದ್ದು. 2015ರಲ್ಲಿ ಉಜಾಲಾ ಯೋಜನೆ ಶುರುವಾದ ಮೇಲೆ ಮನೆಮನೆಗೂ ಎಲ್‌ಇಡಿ ಬಂದಿದೆ, ದೀಪದಿಂದ ಉಳಿಸಬಹುದಾದ ಪಾಲೇ ಕುಗ್ಗಿದೆ. ಅಮೆರಿಕದ ಇಂಡಿಯಾನಾದಲ್ಲಿ 2006ರಿಂದ ರಾಜ್ಯವಿಡೀ ಗಡಿಯಾರ ಮುಂದಿಡತೊಡಗಿದಾಗ ಅರ್ಥಶಾಸ್ತ್ರಜ್ಞರು ಮನೆಗಳ ಬಿಲ್ಲುಗಳನ್ನೇ ಪರಿಶೀಲಿಸಿದರು. ಬಳಕೆ ಇಳಿಯುವ ಬದಲು ಶೇ 1ರಷ್ಟು ಏರಿತ್ತು. ದೀಪದಲ್ಲಿ ಉಳಿದದ್ದನ್ನು ಏರ್ ಕಂಡೀಷನರ್‌ಗಳು ನುಂಗಿದ್ದವು.

‘ರಾಹುಕಾಲ ಎಲ್ಲ ಊರಿಗೂ ಒಂದೇ, ಬೇಸಿಗೆಯಲ್ಲಿ ಒಂದು ಗಂಟೆ ಕೂಡಿಸಿದರಾಯಿತು’

ಹೊರದೇಶದಲ್ಲಿ ಗೃಹಪ್ರವೇಶಕ್ಕೋ ನಾಮಕರಣಕ್ಕೋ ಹೊತ್ತು ಕೇಳಲು ಮಕ್ಕಳು ಮೈಸೂರಿಗೇ ಫೋನ್ ಮಾಡುತ್ತಾರೆ, ಮನೆಯ ಹಿರಿಯರು ಗೋಡೆಯ ಕ್ಯಾಲೆಂಡರ್ ನೋಡಿ ಹೇಳುತ್ತಾರೆ. ಶುಕ್ರವಾರ ಹತ್ತೂವರೆಯಿಂದ ಹನ್ನೆರಡು ಎಂಬುದು ಆರಕ್ಕೆ ಹುಟ್ಟಿ ಆರಕ್ಕೆ ಮುಳುಗುವ ಸೂರ್ಯನ ಲೆಕ್ಕ. ಶಾಸ್ತ್ರದ ಕ್ರಮದಲ್ಲಿ ಆ ಊರಿನ ಉದಯದಿಂದ ಅಸ್ತದವರೆಗಿನ ಹೊತ್ತನ್ನು ಎಂಟು ಪಾಲು ಮಾಡಬೇಕು, ಶುಕ್ರವಾರಕ್ಕೆ ನಾಲ್ಕನೆಯ ಪಾಲು. ಫೆಬ್ರುವರಿ ಆರಂಭದ ನಜರ್‌ಬಾದಿನಲ್ಲೇ ಅದು ಸುಮಾರು 11:10ರಿಂದ 12:37. ಜೂನ್ ಕೊನೆಯ ಲಂಡನ್ನಿನಲ್ಲಿ ಒಂದೊಂದು ಪಾಲೇ ಎರಡು ಗಂಟೆಗಿಂತ ತುಸು ಹೆಚ್ಚು, ಅಲ್ಲಿ ರಾಹುಕಾಲ 11ರ ಸುಮಾರಿಗೆ ಶುರುವಾಗಿ 1 ಗಂಟೆಗೆ ಮುಗಿಯುತ್ತದೆ. ಒಂದು ಗಂಟೆ ಕೂಡಿಸುವುದರಿಂದ ಇದು ಸಿಗುವುದಿಲ್ಲ, ಆ ಊರಿನ ಉದಯಾಸ್ತ ತಿಳಿದಿರಬೇಕು. ತಿಥಿಯದು ಬೇರೆ ಮಾತು. ಚಂದ್ರ ಸೂರ್ಯರ ನಡುವಣ ಕೋನದಿಂದ ಬರುವ ತಿಥಿ ಜಗತ್ತಿಗೆಲ್ಲ ಒಂದೇ ಕ್ಷಣದಲ್ಲಿ ಬದಲಾಗುತ್ತದೆ. ಅದಕ್ಕೆ ಎರಡು ಊರುಗಳ ಸಮಯದ ಅಂತರ ಕಳೆದರೆ ಸಾಕು, ಆದರೆ ಆ ದಿನ ಜಾರಿಯಲ್ಲಿರುವ ಅಂತರವನ್ನೇ ಕಳೆಯಬೇಕು. ಯುಗಾದಿ ಸಾಮಾನ್ಯವಾಗಿ ಅಮೆರಿಕದಲ್ಲಿ ಗಡಿಯಾರ ಮುಂದೆ ಹೋದ ನಂತರವೇ ಬರುವುದರಿಂದ ಅದು ನ್ಯೂಜೆರ್ಸಿಗೆ ಒಂಬತ್ತೂವರೆ ಗಂಟೆ.

‘ಬೆಳಕಿಗೆ ಹೊಂದಿಕೊಳ್ಳಲು ಗಡಿಯಾರ ಬದಲಿಸದೆ ದಾರಿಯಿಲ್ಲ’

ನಮ್ಮ ರಾಜ್ಯದಲ್ಲೇ ಬೇರೆ ದಾರಿ ಇದೆ. ಬಿಸಿಲು ಹೆಚ್ಚಿರುವ ಕಲಬುರಗಿ ವಿಭಾಗದ ಜಿಲ್ಲೆಗಳಲ್ಲೂ ವಿಜಯಪುರ, ಬಾಗಲಕೋಟೆಗಳಲ್ಲೂ ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ಕ್ಕೆ ತೆರೆದು ಮಧ್ಯಾಹ್ನ 1:30ಕ್ಕೆ ಮುಚ್ಚುತ್ತವೆ. ಅದಕ್ಕೆ ಬೇಕಾಗುವುದು ಒಂದು ಆದೇಶ ಮಾತ್ರ. ಬೆಂಗಳೂರಿನವರ ಗಡಿಯಾರ ಒಂದು, ಬೀದರಿನವರದು ಇನ್ನೊಂದು ಎಂದಾಗುವುದಿಲ್ಲ, ರೈಲಿನ ವೇಳಾಪಟ್ಟಿ ಕೆಡುವುದಿಲ್ಲ. ಅರ್ಧ ಗಂಟೆಯ ಪ್ರಸ್ತಾಪ ಮತ್ತೆ ಎದ್ದರೆ ಮೈಸೂರಿನವರು ಕೇಳಬೇಕಾದದ್ದೂ ಇದನ್ನೇ: ಅಸ್ಸಾಂನ ಕಚೇರಿ ಶಾಲೆಗಳು ಅಲ್ಲಿನ ಸೂರ್ಯನಿಗೆ ತಕ್ಕಂತೆ ಬೇಗ ತೆರೆಯಲಿ, ಫೆಬ್ರುವರಿಯಲ್ಲಿ ನಮ್ಮ ಮಕ್ಕಳ ತರಗತಿ ನಮ್ಮ ಸೂರ್ಯ ಹುಟ್ಟಿದ ಮೇಲೆ ಶುರುವಾಗಲಿ.