ಬಂಡಿಯ ಜಾಡು, ವಂಶದ ಜಾಡು

ಮೊರಸು ಒಕ್ಕಲಿಗರ ವಲಸೆಯ ಕಥೆ ಶುರುವಾಗುವುದು ಕಂಚಿಯ ಸೀಮೆಯಿಂದ. ಅಲ್ಲಿನ ಆಲೂರಿನ ಮನೆತನವೊಂದರ ಹೆಣ್ಣುಮಗಳನ್ನು ಪಾಳೆಯಗಾರನೊಬ್ಬ ಬಲವಂತದಿಂದ ಕೇಳಿದ. ಕೊಡಲು ಒಪ್ಪದ ಮನೆಯವರು ರಾತ್ರೋರಾತ್ರಿ ಬಂಡಿ ಕಟ್ಟಿ ಪಡುವಣಕ್ಕೆ ಹೊರಟರು. ತುಂಬಿ ಹರಿಯುತ್ತಿದ್ದ ಪಾಲಾರ್ ಹೊಳೆ ಅವರಿಗೆ ದಾರಿ ಬಿಟ್ಟಿತು. ಕೊನೆಗೆ ರಣಭೈರೇಗೌಡನ ಹಿರಿತನದಲ್ಲಿ ಅವರು ನಂದಿಬೆಟ್ಟದ ಬಳಿಯ ಆವತಿಯಲ್ಲಿ ನೆಲೆ ನಿಂತರು. 1537ರಲ್ಲಿ ಬೆಂಗಳೂರು ಕಟ್ಟಿದ ಕೆಂಪೇಗೌಡನ ಯಲಹಂಕ ಮನೆತನವೂ ಇದೇ ಬಳ್ಳಿಯ ಕುಡಿ ಎನ್ನುತ್ತದೆ ಐತಿಹ್ಯ. ಬಿ. ಎಲ್. ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಇದನ್ನು ಬರೆದಿಟ್ಟರು. ಹೇಳಿಕೆಯ ಪ್ರಕಾರ ಇದೆಲ್ಲ ನಡೆದು ಸುಮಾರು 600 ವರ್ಷ, ಅಂದರೆ ಇಪ್ಪತ್ತು ತಲೆಮಾರು.

ಕೋಲಾರ, ಬೆಂಗಳೂರು, ಹೊಸೂರುಗಳನ್ನು ಒಳಗೊಂಡ ಬಯಲಿಗೆ ಮೊರಸುನಾಡು ಎಂದು ಹೆಸರು. ಇದರ ಮೇಲೆ ಆಡಳಿತದ ಗೆರೆಗಳು ಬಂದದ್ದು ಬಹಳ ತಡವಾಗಿ. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಹೊಸೂರು ಸೀಮೆ ‘ಬಾಲಾಘಾಟ್’ ಎಂಬ ಹೆಸರಿನಲ್ಲಿ ಸೇಲಂ ಜಿಲ್ಲೆಗೆ ಸೇರಿತು. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ಮದರಾಸಿನಲ್ಲೇ ಉಳಿಯಿತು. 1965ರಲ್ಲಿ ಧರ್ಮಪುರಿ ಜಿಲ್ಲೆಗೂ 2004ರಲ್ಲಿ ಕೃಷ್ಣಗಿರಿ ಜಿಲ್ಲೆಗೂ ಹೋಯಿತು. ಗೆರೆ ಎಲ್ಲಿ ಬಿದ್ದರೂ ತಳಿ, ಡೆಂಕಣಿಕೋಟೆ, ಬಾಗಲೂರು ಕಡೆಯ ಮನೆಗಳಿಗೂ ಆನೇಕಲ್, ಮಾಲೂರಿನ ಮನೆಗಳಿಗೂ ಹೆಣ್ಣು ಕೊಟ್ಟು ತರುವ ಸಂಬಂಧ ನಿಲ್ಲಲಿಲ್ಲ.

ಆ ಸಂಬಂಧ ಕೂಡಿಸುವ ಮುನ್ನ ಹಿರಿಯರು ಕೇಳುವ ಮೊದಲ ಪ್ರಶ್ನೆ ‘ಯಾವ ಬೆಡಗು?’ ಎಂಬುದು. ಕೆಲವೆಡೆ ಇದನ್ನೇ ಕುಲ ಎನ್ನುತ್ತಾರೆ. ಒಂದೇ ಬೆಡಗಿನವರು ಅಣ್ಣತಮ್ಮಂದಿರು, ಅವರೊಳಗೆ ಮದುವೆಯಿಲ್ಲ. ಬೆಡಗು ತಂದೆಯಿಂದ ಮಕ್ಕಳಿಗೆ ಬರುತ್ತದೆ. ಮಗಳು ಮದುವೆಯಾದ ಮೇಲೆ ಗಂಡನ ಬೆಡಗಿಗೆ ಸೇರುತ್ತಾಳೆ. ಕರ್ನಾಟಕದ ಹಲವೆಡೆ ಹೆಳವರು ಎತ್ತಿನ ಮೇಲೆ ಊರೂರು ತಿರುಗಿ, ಮನೆಮನೆಯ ಗಂಡು ಪೀಳಿಗೆಯ ಹೆಸರುಗಳನ್ನು ಸಾಲಾಗಿ ಹೇಳಿ, ದವಸ ಪಡೆದು ಹೋಗುವುದೂ ಇದೇ ಲೆಕ್ಕವನ್ನು ಕಾಯುವ ಕೆಲಸವೇ. ಅದೇ ಲೆಕ್ಕವನ್ನು ದೇಹವೂ ಬೇರೊಂದು ಬಗೆಯಲ್ಲಿ ಬರೆದಿಡುತ್ತದೆ.

ಗಂಡಸಿನ ಜೀವಕೋಶದಲ್ಲಿರುವ 23 ಜೊತೆ ವರ್ಣತಂತುಗಳಲ್ಲಿ ಒಂದು ಜೊತೆ ಎಕ್ಸ್ ಮತ್ತು ವೈ. ಉಳಿದ ಜೊತೆಗಳು ಪ್ರತಿ ತಲೆಮಾರಿನಲ್ಲೂ ತುಂಡುಗಳನ್ನು ಅದಲುಬದಲು ಮಾಡಿಕೊಳ್ಳುತ್ತವೆ. ವೈ ತಂತುವಿನ ಬಹುಭಾಗಕ್ಕೆ ಹಾಗೆ ಬೆರೆಯಲು ಜೊತೆಗಾರನಿಲ್ಲ. ಹಾಗಾಗಿ ಅದು ತಂದೆಯಿಂದ ಮಗನಿಗೆ ಹೆಚ್ಚುಕಡಿಮೆ ಇದ್ದಂತೆಯೇ ದಾಟುತ್ತದೆ. ಅದರ ಸುಮಾರು 6.24 ಕೋಟಿ ಡಿಎನ್‌ಎ ಅಕ್ಷರಗಳನ್ನು ಆದಿಯಿಂದ ಅಂತ್ಯದವರೆಗೆ ಓದಿ ಮುಗಿಸಿದ್ದು 2023ರಲ್ಲಿ. ನಕಲು ಮಾಡುವಾಗ ಅಪರೂಪಕ್ಕೆ ಒಂದು ತಪ್ಪು ನುಸುಳಿದರೆ, ಅದು ಆ ಮಗನ ಗಂಡುಸಂತಾನಕ್ಕೆಲ್ಲ ಅಂಟಿಕೊಳ್ಳುತ್ತದೆ. ಈ ತಪ್ಪುಗಳೇ ವಂಶದ ಗುರುತು.

ಗುರುತುಗಳಲ್ಲಿ ಎರಡು ಬಗೆ. ಮೊದಲನೆಯದು ಒಂದೇ ಅಕ್ಷರ ಬದಲಾದದ್ದು. ಇದು ಮತ್ತೆ ಅಳಿಯುವುದು ತೀರಾ ಅಪರೂಪವಾದ್ದರಿಂದ ದೊಡ್ಡ ಕವಲುಗಳನ್ನು ಇದರಿಂದಲೇ ಗುರುತಿಸುತ್ತಾರೆ. ಈ ಕವಲುಗಳಿಗೆ ಹ್ಯಾಪ್ಲೋಗ್ರೂಪ್ ಎಂದು ಹೆಸರು. 2002ರಲ್ಲಿ ವಿಜ್ಞಾನಿಗಳ ಒಕ್ಕೂಟವೊಂದು ಇವುಗಳಿಗೆ ಇಂಗ್ಲಿಷಿನ ‘ಎ’ಯಿಂದ ‘ಆರ್’ವರೆಗಿನ ಹೆಸರಿಟ್ಟು ಒಂದೇ ಮರದಲ್ಲಿ ಜೋಡಿಸಿತು. ಎರಡನೆಯ ಬಗೆ, ಒಂದು ಚಿಕ್ಕ ಪದ ಸಾಲಾಗಿ ಎಷ್ಟು ಸಲ ಬಂದಿದೆ ಎಂಬ ಎಣಿಕೆ. ಡಿವೈಎಸ್393 ಎಂಬ ಜಾಗದಲ್ಲಿ ನಾಲ್ಕು ಅಕ್ಷರಗಳ ಪದವೊಂದು ಒಬ್ಬನಲ್ಲಿ 13 ಸಲ ಬಂದರೆ ಮತ್ತೊಬ್ಬನಲ್ಲಿ 14 ಸಲ ಬರಬಹುದು. ಇಂಥ ಒಂದು ಜಾಗದಲ್ಲಿ ಎಣಿಕೆ ಬದಲಾಗುವುದು ಸಾವಿರ ತಲೆಮಾರಿಗೆ ಸುಮಾರು ಎರಡು ಸಲ. ಪರೀಕ್ಷೆಗೆ ಬೇಕಾದ್ದು ಕೆನ್ನೆಯ ಒಳಬದಿಯನ್ನು ಹತ್ತಿಯ ಕಡ್ಡಿಯಿಂದ ಒರೆಸಿದಷ್ಟು ಜೀವಕೋಶ ಮಾತ್ರ.

ಈ ವಿದ್ಯೆ ಹವ್ಯಾಸವಾಗಿ ಬೆಳೆದದ್ದು ಯುರೋಪು ಮತ್ತು ಅಮೆರಿಕಗಳಲ್ಲಿ. ಅಲ್ಲಿ ಮನೆತನದ ಹೆಸರು ತಂದೆಯಿಂದ ಮಗನಿಗೆ ಇಳಿಯುತ್ತದೆ, ಚರ್ಚಿನ ದಾಖಲೆಗಳೂ ಇವೆ. ಉತ್ತರ ಯುರೋಪಿನಲ್ಲಿ ಹೆಚ್ಚಾಗಿ ಕಾಣುವ ಐ1 ಮತ್ತು ಆರ್1ಬಿ-ಯು106 ಕವಲುಗಳನ್ನು ಜರ್ಮಾನಿಕ್ ಬುಡಕಟ್ಟುಗಳ ವಲಸೆಯ ಹೆಜ್ಜೆಗುರುತೆಂದು ಓದುವುದು ರೂಢಿಯಾಯಿತು. ಆದರೆ ಅಂಥ ಬುಡಕಟ್ಟುಗಳು ಇಂಗ್ಲೆಂಡಿಗೆ ಬಂದ ಆಂಗ್ಲೋ-ಸ್ಯಾಕ್ಸನ್ ವಲಸೆಯ ಚಿತ್ರ ನಿಚ್ಚಳವಾದದ್ದು ಬದುಕಿರುವವರ ಪರೀಕ್ಷೆಯಿಂದಲ್ಲ, ಹಳೆಯ ಮೂಳೆಗಳಿಂದ. 2022ರಲ್ಲಿ ಪ್ರಕಟವಾದ ಅಧ್ಯಯನ ಇಂಗ್ಲೆಂಡಿನ 278 ಮಂದಿ ಸೇರಿದಂತೆ ಮಧ್ಯಯುಗದ 460 ಮಂದಿಯ ಅವಶೇಷಗಳ ಡಿಎನ್‌ಎ ಓದಿತ್ತು.

ದಕ್ಷಿಣ ಭಾರತದ ದೊಡ್ಡ ಲೆಕ್ಕ ಬಂದದ್ದು 2012ರಲ್ಲಿ. ಮಧುರೈ ಕಾಮರಾಜ ವಿಶ್ವವಿದ್ಯಾಲಯದ ಆರ್. ಎಂ. ಪಿಚ್ಚಪ್ಪನ್ ಅವರ ತಂಡವೂ ಸೇರಿದ್ದ ಸಂಶೋಧನೆ ತಮಿಳುನಾಡಿನ 12 ಬುಡಕಟ್ಟು ಮತ್ತು 19 ಜಾತಿ ಗುಂಪುಗಳ 1,680 ಗಂಡಸರ ವೈ ತಂತುಗಳನ್ನು ಪರೀಕ್ಷಿಸಿತು. ಎಚ್, ಎಫ್, ಎಲ್1, ಆರ್2, ಸಿ5, ಆರ್1ಎ ಕವಲುಗಳೇ ಒಟ್ಟಾಗಿ ಶೇ 81ರಷ್ಟು ಇದ್ದವು. ಇವು ಬುಡಕಟ್ಟುಗಳಲ್ಲೂ ಇವೆ, ಜಾತಿಗಳಲ್ಲೂ ಇವೆ. ಹಾಗಾಗಿ ಕವಲಿನ ಹೆಸರು ನೋಡಿ ಒಬ್ಬನ ಜಾತಿ ಹೇಳಲಾಗದು.

ಆ ಲೆಕ್ಕವೂ ಮುಂದೆ ತಿದ್ದುಪಡಿ ಕಂಡಿತು. ಆರ್1ಎ ಈ ನೆಲದ್ದೇ ಎಂದು ಆಗ ಬಗೆಯಲಾಗಿತ್ತು. 2019ರಲ್ಲಿ ಮಧ್ಯ ಮತ್ತು ದಕ್ಷಿಣ ಏಷ್ಯಾದ 523 ಪ್ರಾಚೀನರ ಡಿಎನ್‌ಎ ಬಂದಾಗ, ಅದರ ಭಾರತೀಯ ಶಾಖೆಯಾದ ಝಡ್93 ಕ್ರಿ.ಪೂ. 2000ದ ಆನಂತರ ಹುಲ್ಲುಗಾವಲ ಸೀಮೆಯಿಂದ ಇಳಿದು ಬಂದ ಜನರೊಡನೆ ಹರಡಿತೆಂಬ ವಾದ ಬಲವಾಯಿತು. ಇದರ ದಾಯಾದಿ ಶಾಖೆ ಝಡ್284 ಸ್ಕ್ಯಾಂಡಿನೇವಿಯದಲ್ಲಿದೆ. ಹೊಸೂರಿನವನೊಬ್ಬನಿಗೆ ಆರ್1ಎ ಎಂದು ಫಲಿತಾಂಶ ಬಂದರೆ ಅವನಿಗೂ ಝಡ್284 ಇರುವ ನಾರ್ವೆಯವನಿಗೂ 5,000 ವರ್ಷಕ್ಕೂ ಹಿಂದೆ ಒಬ್ಬನೇ ಮೂಲಪುರುಷ ಇದ್ದ ಎಂದಷ್ಟೇ ಅರ್ಥ. ಜರ್ಮಾನಿಕ್ ಬುಡಕಟ್ಟುಗಳು ರೂಪುಗೊಳ್ಳುವ ಎಷ್ಟೋ ಮೊದಲೇ ಆ ಕವಲು ಒಡೆದಿತ್ತು.

ವೈ ಪರೀಕ್ಷೆ ಕೆಲವೇ ನೂರು ವರ್ಷದ ವಲಸೆಯನ್ನು ಹಿಡಿದು ತೋರಿಸಿದ ಉದಾಹರಣೆ ಕನ್ನಡ ನಾಡಿನಲ್ಲೇ ಇದೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿಗಳೂ ಗುಜರಾತಿನ ಸಿದ್ದಿಗಳೂ ಆಫ್ರಿಕದ ಬಂಟು ಭಾಷಿಕರ ಸಂತತಿ ಎಂದು 2011ರ ಅಧ್ಯಯನವೊಂದು ತೋರಿಸಿತು. ಸುತ್ತಲಿನ ಜನರೊಡನೆ ಅವರು ಬೆರೆತದ್ದು ಸುಮಾರು ಎಂಟು ತಲೆಮಾರಿನಿಂದೀಚೆಗೆ. ಅಲ್ಲಿ ಹೊರಟ ನೆಲದ ಕವಲುಗಳೇ ಬೇರೆ, ಬಂದ ನೆಲದವೇ ಬೇರೆ. ಕಂಚಿ ಮತ್ತು ಹೊಸೂರಿನ ನಡುವೆ ಅಂಥ ಅಂತರವಿಲ್ಲ. ಪಾಲಾರ್ ಹೊಳೆಯ ಎರಡೂ ದಡಗಳಲ್ಲಿ ಎಚ್ ಇದೆ, ಎಲ್ ಇದೆ, ಆರ್2 ಇದೆ. ಹೊಳೆ ದಾಟಿದ ಬಂಡಿಯಲ್ಲಿ ಯಾರಿದ್ದರೆಂದು ಈ ಹೆಸರುಗಳು ಹೇಳಲಾರವು.

ಹಳೆಯ ಮೂಳೆಯ ನೆರವೂ ಇಲ್ಲಿ ಸುಲಭವಲ್ಲ. ಕೃಷ್ಣಗಿರಿ ಜಿಲ್ಲೆಯಲ್ಲಿ ಮಲ್ಲಚಂದ್ರಂನ ಕಲ್ಮನೆ ಸಮಾಧಿಗಳಿವೆ. ಮಯಿಲಾಡುಂಪಾರೈನಲ್ಲಿ ಕಬ್ಬಿಣ ಬಳಕೆಯ ಕಾಲ ಕ್ರಿ.ಪೂ. 2172 ಎಂದು 2022ರಲ್ಲಿ ಪ್ರಕಟವಾಗಿದೆ. ಆದರೆ ಬಿಸಿ ನೆಲದಲ್ಲಿ ಡಿಎನ್‌ಎ ಬೇಗ ಚೂರಾಗುತ್ತದೆ. ಹರಿಯಾಣದ ರಾಖೀಗಢಿಯಲ್ಲಿ 61 ಮಾದರಿ ಶೋಧಿಸಿದಾಗ ಓದಲು ಸಿಕ್ಕಿದ್ದು ಒಬ್ಬಳೇ ಹೆಂಗಸಿನದು. ಹೆಂಗಸಿನಲ್ಲಿ ವೈ ತಂತುವೇ ಇರುವುದಿಲ್ಲ.

ಆದರೂ ಬೆಡಗಿನ ಮಟ್ಟಿಗೆ ಪರೀಕ್ಷೆಗೆ ಕೆಲಸವಿದೆ. ಕಟ್ಟುಪಾಡು ತಪ್ಪದೆ ನಡೆದಿದ್ದರೆ ಒಂದು ಬೆಡಗಿಗೆ ಒಂದೇ ವೈ ಬಳ್ಳಿ ಇರಬೇಕು. ಹೊಸೂರು ಮತ್ತು ಕೋಲಾರದ ಒಂದೇ ಬೆಡಗಿನ ಇಬ್ಬರಿಗೆ 20 ತಲೆಮಾರಿನ ಹಿಂದೆ ಒಬ್ಬನೇ ಮೂಲಪುರುಷ ಎಂದಿಟ್ಟುಕೊಂಡರೆ, ಎಣಿಕೆಯ 37 ಜಾಗಗಳನ್ನು ಹೋಲಿಸಿದಾಗ ಸರಾಸರಿ ಮೂರು ವ್ಯತ್ಯಾಸ ಕಾಣಬೇಕು. ಒಂದೂ ಇಲ್ಲದಿರಬಹುದು, ಆರೂ ಇರಬಹುದು. ಅಷ್ಟು ಸಡಿಲ ಈ ಅಳತೆ. ಇನ್ನೂ ಬಿಗಿಯಾದ ಅಳತೆ ಬೇಕಿದ್ದರೆ ಒಂದು ಕೋಟಿ ಅಕ್ಷರಗಳನ್ನು ಓದಬೇಕು. ಆಗ ಒಂದು ಬಳ್ಳಿಯಲ್ಲಿ ಸರಾಸರಿ 125 ವರ್ಷಕ್ಕೊಂದು ಹೊಸ ಗುರುತು ಸಿಗುತ್ತದೆ, 600 ವರ್ಷಕ್ಕೆ ಸುಮಾರು ಐದು.

ಹೊಂದಿಕೆಯಾಗದಿದ್ದರೆ ಬೆಡಗು ಸುಳ್ಳು ಎಂದಲ್ಲ. ದತ್ತು ಬಂದ ಮಗ ಸಾಕಿದ ತಂದೆಯ ಬೆಡಗನ್ನೇ ಹೇಳುತ್ತಾನೆ. ಗಂಡುಮಕ್ಕಳಿಲ್ಲದ ಮನೆಗೆ ಅಳಿಯ ಮನೆವಾಳ್ತನಕ್ಕೆ ಬಂದಾಗ ಹೊಲ, ಮನೆದೇವರು, ಹೆಸರು ಮುಂದುವರಿದರೂ ವೈ ಬಳ್ಳಿ ಸದ್ದಿಲ್ಲದೆ ಬದಲಾಗುತ್ತದೆ. ಮೇಲಾಗಿ ಇಪ್ಪತ್ತು ತಲೆಮಾರು ಹಿಂದಕ್ಕೆ ಹೋದರೆ ಒಬ್ಬನ ವಂಶವೃಕ್ಷದಲ್ಲಿ 10,48,576 ಪೂರ್ವಜರ ಸ್ಥಾನಗಳಿರುತ್ತವೆ, ಒಬ್ಬನೇ ಹಲವು ಸ್ಥಾನಗಳಲ್ಲಿ ಬಂದರೂ ಸರಿ. ವೈ ತಂತು ಅವುಗಳಲ್ಲಿ ತೋರಿಸುವುದು ಒಂದೇ ಒಂದನ್ನು. ಕಥೆಯಲ್ಲಿ ಬಂಡಿ ಕಟ್ಟಲು ಕಾರಣಳಾದ ಆ ಹೆಣ್ಣುಮಗಳು ಈ ಲೆಕ್ಕದೊಳಗೆ ಬರುವುದೇ ಇಲ್ಲ.