ಹಣ ಹೂಡುವ ಮುನ್ನ ಒಂದಿಷ್ಟು ಲೆಕ್ಕ

ಹೈಸ್ಕೂಲಿನಲ್ಲಿ ಚಕ್ರಬಡ್ಡಿಯ ಲೆಕ್ಕ ಮಾಡದವರಿಲ್ಲ. ಪರೀಕ್ಷೆ ಮುಗಿದ ಮರುದಿನವೇ ಅದನ್ನು ಮರೆಯುವವರೂ ಕಡಿಮೆಯಿಲ್ಲ. ಆದರೆ ಮಗಳ ಕಾಲೇಜು ಶುಲ್ಕಕ್ಕೆಂದೋ ಮಗನ ಓದಿಗೆಂದೋ ಕೂಡಿಟ್ಟ ಹಣವನ್ನು ಎಲ್ಲಿ ತೊಡಗಿಸಬೇಕೆಂಬ ಪ್ರಶ್ನೆ ಎದುರಾದಾಗ ನೆರವಿಗೆ ಬರುವುದು ಅದೇ ಲೆಕ್ಕ.

ಇದಕ್ಕೊಂದು ಸುಲಭ ಸೂತ್ರವಿದೆ. 72ನ್ನು ವಾರ್ಷಿಕ ಬಡ್ಡಿ ದರದಿಂದ ಭಾಗಿಸಿದರೆ ಹಣ ಎಷ್ಟು ವರ್ಷಗಳಲ್ಲಿ ಇಮ್ಮಡಿಯಾಗುತ್ತದೆಂಬುದು ಸುಮಾರಾಗಿ ತಿಳಿಯುತ್ತದೆ. ಬಡ್ಡಿ ಶೇ 6 ಇದ್ದರೆ 12 ವರ್ಷ; ಶೇ 8 ಇದ್ದರೆ 9 ವರ್ಷ. ಬೆಲೆಯೇರಿಕೆಗೂ ಇದೇ ಸೂತ್ರ ಅನ್ವಯಿಸುತ್ತದೆ. ಬೆಲೆಗಳು ವರ್ಷಕ್ಕೆ ಶೇ 6ರಂತೆ ಏರಿದರೆ ಇಂದಿನ 1 ಲಕ್ಷ ರೂಪಾಯಿ ಶುಲ್ಕ 12 ವರ್ಷಗಳಲ್ಲಿ 2 ಲಕ್ಷವಾಗುತ್ತದೆ. ಬೀರುವಿನಲ್ಲಿಟ್ಟ ನೋಟುಗಳ ಎಣಿಕೆ ಕಡಿಮೆಯಾಗದು, ನಿಜ. ಆದರೆ ಅವು ಕೊಳ್ಳುವ ವಸ್ತು ಅರ್ಧಕ್ಕಿಳಿದಿರುತ್ತದೆ. ಹೂಡಿಕೆ ಬೇಕಾಗುವುದು ಇದಕ್ಕಾಗಿ.

ಹೂಡುವ ಮೊದಲು ಸಾಲದ ಕಡೆ ನೋಡಬೇಕು. ಶೇ 24 ಬಡ್ಡಿಯ ಸಾಲವನ್ನು ಹಾಗೇ ಬಿಟ್ಟು ಶೇ 7ರ ಠೇವಣಿ ಇಡುವುದು ತೂತು ಕೊಡಕ್ಕೆ ನೀರು ತುಂಬಿದಂತೆ. ಅಂಥ ಸಾಲ ತೀರಿಸುವುದೇ ಮೊದಲ ಗಳಿಕೆ. ಅನಂತರ ಕಾಯಿಲೆ ಕಸಾಲೆಗೆ, ಕೆಲಸ ತಪ್ಪಿದ ಕಾಲಕ್ಕೆಂದು ಆರು ತಿಂಗಳ ಮನೆಖರ್ಚಿನಷ್ಟು ಹಣ ಬ್ಯಾಂಕಿನಲ್ಲಿರಲಿ. ಬ್ಯಾಂಕ್ ಠೇವಣಿಗೆ ವಿಮೆಯ ರಕ್ಷಣೆಯಿದೆ. ಒಬ್ಬ ಠೇವಣಿದಾರನಿಗೆ ಒಂದು ಬ್ಯಾಂಕಿನಲ್ಲಿ 1 ಲಕ್ಷ ರೂಪಾಯಿ ಇದ್ದ ಇದರ ಮಿತಿಯನ್ನು 2020ರ ಫೆಬ್ರುವರಿಯಲ್ಲಿ 5 ಲಕ್ಷಕ್ಕೆ ಏರಿಸಲಾಯಿತು. ಸಹಕಾರಿ ಬ್ಯಾಂಕುಗಳಿಗೂ ಈ ರಕ್ಷಣೆ ಉಂಟು. ಊರಿನ ಪತ್ತಿನ ಸಹಕಾರ ಸಂಘಗಳಿಗೆ ಇಲ್ಲ. ಎರಡರ ಬೋರ್ಡೂ ಒಂದೇ ತರಹ ಕಾಣಬಹುದು. ವಿಚಾರಿಸಿ ನೋಡುವುದು ಒಳ್ಳೆಯದು.

ಮುಂದಿನದು ಕಾಲದ ಪ್ರಶ್ನೆ. 2008ರ ಜನವರಿಯಲ್ಲಿ 21 ಸಾವಿರ ದಾಟಿದ್ದ ಮುಂಬೈ ಷೇರು ಪೇಟೆಯ ಸೂಚ್ಯಂಕ ಅದೇ ಅಕ್ಟೋಬರಿನಲ್ಲಿ 8 ಸಾವಿರಕ್ಕಿಂತ ಕೆಳಗಿಳಿಯಿತು. ಮತ್ತೆ 21 ಸಾವಿರ ಮುಟ್ಟಲು 2010ರ ನವೆಂಬರ್ ಬರಬೇಕಾಯಿತು. ಕಾಯಬಲ್ಲವರು ಚೇತರಿಸಿಕೊಂಡರು. 2009ರ ಜೂನ್‌ನಲ್ಲಿ ಶುಲ್ಕ ಕಟ್ಟಬೇಕಿದ್ದವರು ಕಾಯುವಂತಿರಲಿಲ್ಲ. ಒಂದೆರಡು ವರ್ಷದಲ್ಲಿ ಬೇಕಾಗುವ ಹಣಕ್ಕೆ ಷೇರು ಪೇಟೆ ತಕ್ಕ ಜಾಗವಲ್ಲ. ಹತ್ತು ಹದಿನೈದು ವರ್ಷ ಮುಟ್ಟದಿರುವ ಹಣದ ಒಂದು ಪಾಲನ್ನು, ಅದೂ ಒಂದೇ ಕಂಪನಿಗೆ ಸುರಿಯದೆ, ಅಲ್ಲಿ ತೊಡಗಿಸಬಹುದು.

ಕೊನೆಯದಾಗಿ, ಆಸೆ ಹುಟ್ಟಿಸುವ ಮಾತುಗಳು. 'ತಿಂಗಳಿಗೆ ಶೇ 10 ಲಾಭ, ಖಾತರಿ' ಎಂದು ಯಾರಾದರೂ ಹೇಳಿದರೆ ಮಕ್ಕಳ ಕೈಗೆ ಪೆನ್ಸಿಲ್ ಕೊಡಿ. ಚಕ್ರಬಡ್ಡಿಯಂತೆ ಬೆಳೆದರೆ 1 ಲಕ್ಷ ರೂಪಾಯಿ ಐದು ವರ್ಷಗಳಲ್ಲಿ 3 ಕೋಟಿ ದಾಟುತ್ತದೆ! ಯಾವ ವ್ಯಾಪಾರ ತಾನೇ ಅಷ್ಟು ಗಳಿಸಿಕೊಟ್ಟೀತು? ಇಂಥ ಕಡೆ ಹಳಬರಿಗೆ ಸಿಗುವ 'ಲಾಭ' ಹೊಸಬರು ಕಟ್ಟಿದ ಹಣವೇ. ಹೊಸಬರು ಬರುವುದು ನಿಂತ ದಿನ ಬಾಗಿಲು ಮುಚ್ಚುತ್ತದೆ. 1920ರಲ್ಲಿ ಅಮೆರಿಕದ ಬಾಸ್ಟನ್ ನಗರದಲ್ಲಿ ಚಾರ್ಲ್ಸ್ ಪೊಂಜಿ ಎಂಬಾತ 45 ದಿನಗಳಲ್ಲಿ ಶೇ 50 ಲಾಭದ ಆಸೆ ತೋರಿಸಿ ಮಾಡಿದ್ದು ಇದನ್ನೇ. 2019ರಲ್ಲಿ ಬೆಂಗಳೂರಿನ ಐಎಂಎ ಸಂಸ್ಥೆ ಕುಸಿದಾಗಲೂ ಸಾವಿರಾರು ಮಂದಿ ದೂರು ಹಿಡಿದು ಸಾಲುಗಟ್ಟಿ ನಿಂತರು.

ಹಣ ಎಲ್ಲಿ ಹೋಗುತ್ತದೆ, ಲಾಭ ಎಲ್ಲಿಂದ ಬರುತ್ತದೆ, ಬೇಕಾದಾಗ ಹೇಗೆ ಮರಳುತ್ತದೆ? ಈ ಮೂರು ಪ್ರಶ್ನೆಗಳಿಗೆ ಮನೆಮಂದಿಗೆಲ್ಲ ಅರ್ಥವಾಗುವ ಉತ್ತರ ಸಿಗುವವರೆಗೆ ಸಹಿ ಹಾಕದಿರುವುದು ಕ್ಷೇಮ.